ತಿರುವಿನ ದಾರಿ ಹುಡುಕಿಕೊಡುವ ಕುರ್ವಿಗರ್: ಎಲ್ಲಿ ನಂಬಬಹುದು, ಎಲ್ಲಿ ಕಣ್ಣಿಟ್ಟಿರಬೇಕು

ರಜೆಯ ದಿನ ಬೈಕ್ ತೆಗೆಯುವವರಿಗೆ ಬೇಗ ತಲುಪುವ ದಾರಿ ಬೇಕಾಗಿರುವುದಿಲ್ಲ. ಆದರೆ ಮಾಮೂಲಿ ಮ್ಯಾಪ್ ಆ್ಯಪ್‌ಗಳು ಕೊಡುವುದು ಅದನ್ನೇ. ಗೂಗಲ್ ಮ್ಯಾಪ್ಸ್‌ನಲ್ಲಿ ಹೆದ್ದಾರಿ ಬೇಡ, ಟೋಲ್ ಬೇಡ, ಫೆರ್ರಿ ಬೇಡ ಅಂತ ಹೇಳಬಹುದು. ತಿರುವು ಜಾಸ್ತಿ ಇರುವ ರಸ್ತೆ ಕೊಡು ಅಂತ ಕೇಳುವುದಕ್ಕೆ ಜಾಗವೇ ಇಲ್ಲ. ಹೆದ್ದಾರಿ ಬೇಡ ಅಂದರೆ ಬಹಳ ಸಲ ಅದರ ಪಕ್ಕದಲ್ಲೇ ಓಡುವ, ಲಾರಿ ತುಂಬಿದ ಇನ್ನೊಂದು ನೇರ ರಸ್ತೆಗೆ ಹಾಕುತ್ತದೆ. ಹತ್ತು ಕಿಲೋಮೀಟರ್ ಆಚೆ ನದಿ ಪಕ್ಕದಲ್ಲಿ ಬಳುಕುತ್ತಾ ಹೋಗುವ ಚಿಕ್ಕ ರಸ್ತೆ ಇದ್ದರೂ ಅದರ ಸುದ್ದಿ ಎತ್ತುವುದಿಲ್ಲ, ಯಾಕೆಂದರೆ ಅಲ್ಲಿ ಹೋದರೆ ಅರ್ಧ ಗಂಟೆ ತಡ.

ಕುರ್ವಿಗರ್ ಇರುವುದು ಇದಕ್ಕೇ. ಜರ್ಮನಿಯಲ್ಲಿ ಹುಟ್ಟಿದ, ಬೈಕ್ ಸವಾರರಿಗೆಂದೇ ಮಾಡಿದ ರೂಟ್ ಪ್ಲಾನರ್ ಇದು. ಬ್ರೌಸರ್‌ನಲ್ಲೂ ತೆರೆಯಬಹುದು, ಆಂಡ್ರಾಯ್ಡ್ ಮತ್ತು ಐಫೋನ್ ಆ್ಯಪ್ ಕೂಡ ಇದೆ. ಕೆಳಗಿನ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದು, ದಾರಿ ಲೆಕ್ಕ ಹಾಕುವ ಎಂಜಿನ್ ಗ್ರಾಫ್‌ಹಾಪರ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದದ್ದು, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಕುರ್ವಿಗರ್‌ನ ಒಳ್ಳೆಯ ಗುಣವೂ, ತೊಂದರೆಗಳೂ ಬಹುಪಾಲು ಅಲ್ಲಿಂದಲೇ ಬರುತ್ತವೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಳಸುವುದು ಸುಲಭ. ಶುರು ಎಲ್ಲಿ, ಕೊನೆ ಎಲ್ಲಿ ಅಂತ ನಕ್ಷೆ ಮೇಲೆ ಒತ್ತಿದರೆ ಸಾಕು. ಆಮೇಲೆ ಯಾವ ರೀತಿಯ ದಾರಿ ಬೇಕು ಅಂತ ಆರಿಸಬೇಕು. ವೇಗದ್ದು, ವೇಗವೂ ತಿರುವೂ ಸೇರಿದ್ದು, ತಿರುವಿನದು, ಇನ್ನೂ ಜಾಸ್ತಿ ತಿರುವಿನದು ಅಂತ ನಾಲ್ಕು ಮೆಟ್ಟಿಲು. ಒಂದೇ ಎರಡು ಊರು ಹಾಕಿ ನಾಲ್ಕನ್ನೂ ಒತ್ತಿ ನೋಡಿ, ಆಗ ಇದರ ಮನಸ್ಸು ಅರ್ಥವಾಗುತ್ತದೆ. ಮೊದಲನೆಯದರಲ್ಲಿ ಗೆರೆ ಸೀದಾ ಹೋಗುತ್ತದೆ. ಎರಡನೆಯದರಲ್ಲಿ ಒಂದೆರಡು ಕಡೆ ಬೆಟ್ಟದ ಕಡೆಗೆ ವಾಲುತ್ತದೆ. ಮೂರನೆಯದರಲ್ಲಿ ದೊಡ್ಡ ಊರುಗಳನ್ನು ಬಳಸಿಕೊಂಡು, ಹೆದ್ದಾರಿಯನ್ನು ಬರೀ ದಾಟುವುದಕ್ಕೆ ಮುಟ್ಟಿ, ಚಿಕ್ಕ ರಸ್ತೆಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಹೋಗುತ್ತದೆ. ನಾಲ್ಕನೆಯದರಲ್ಲಿ ಗೆರೆ ಸಿಕ್ಕಾದ ದಾರದ ಹಾಗೆ ಕಾಣುತ್ತದೆ.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ಮೂರನೆಯದನ್ನು ಇಟ್ಟುಕೊಳ್ಳಿ. ಅದರ ಮೇಲೆ ನಿಮ್ಮ ಕೈಯಿಂದ ಒಂದಿಷ್ಟು ತಿದ್ದುಪಡಿ ಮಾಡಿ. ನಾಲ್ಕನೆಯದನ್ನು ಹಾಗೇ ಒಪ್ಪಿಕೊಂಡು ಹೊರಡಬೇಡಿ. ಯಾಕೆ ಅನ್ನುವುದು ತಿಳಿಯಬೇಕಾದರೆ, ತಿರುವು ಅನ್ನುವುದನ್ನು ಕಂಪ್ಯೂಟರ್ ಹೇಗೆ ಅಳೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ಕುರ್ವಿಗರ್ ಒಳಗಿನ ಲೆಕ್ಕದ ವಿವರಕ್ಕೆ ನಾನು ಹೋಗುವುದಿಲ್ಲ. ಆದರೆ ಆಡಂ ಫ್ರಾಂಕೊ ಅನ್ನುವ ಪ್ರೋಗ್ರಾಮರ್ ಮಾಡಿದ 'ಕರ್ವೇಚರ್' ಅನ್ನುವ ಇನ್ನೊಂದು ಸಾಧನ ಇದೆ, ಅದರ ಕೋಡ್ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದೂ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆಯೇ ಕೆಲಸ ಮಾಡುತ್ತದೆ. ನಕ್ಷೆಯಲ್ಲಿ ರಸ್ತೆ ಅಂದರೆ ಚುಕ್ಕಿಗಳ ಸಾಲು, ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ. ಒಂದರ ಹಿಂದೆ ಒಂದಿರುವ ಮೂರು ಚುಕ್ಕಿ ತೆಗೆದುಕೊಂಡು, ಆ ಮೂರರ ಮೇಲೂ ಹಾದುಹೋಗುವ ವೃತ್ತ ಬರೆದರೆ ಅದರ ತ್ರಿಜ್ಯವೇ ಆ ತಿರುವಿನ ತ್ರಿಜ್ಯ. ತ್ರಿಜ್ಯ 175 ಮೀಟರ್‌ಗಿಂತ ಜಾಸ್ತಿ ಇದ್ದರೆ ಆ ತುಂಡು ನೇರ ಅಂತ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ತುಂಡಿನ ಉದ್ದಕ್ಕೆ ಅಂಕ ಸಿಗುತ್ತದೆ. 100 ಮೀಟರ್, 60 ಮೀಟರ್, 30 ಮೀಟರ್ ಒಳಗೆ ಬಂದ ಹಾಗೆ ಅಂಕದ ತೂಕ ಜಾಸ್ತಿ. 30 ಮೀಟರ್ ಒಳಗಿನ ತಿರುವಿಗೆ ಉದ್ದದ ಎರಡು ಪಟ್ಟು ಅಂಕ. ಎಲ್ಲ ಕೂಡಿಸಿದರೆ ಆ ರಸ್ತೆಯ ಸ್ಕೋರ್ ಬರುತ್ತದೆ.

ಈ ಮೀಟರ್ ಲೆಕ್ಕ ಬೈಕ್ ಮೇಲೆ ಕೂತಾಗ ಏನಾಗುತ್ತದೆ ಗೊತ್ತಾ? ಬೈಕನ್ನು 30 ಡಿಗ್ರಿ ಬಾಗಿಸಿ ತಿರುಗಿಸುತ್ತೀರಿ ಅಂತ ಇಟ್ಟುಕೊಳ್ಳಿ, ರಸ್ತೆಯಲ್ಲಿ ಆರಾಮಾಗಿ ಓಡಿಸುವವರಿಗೆ ಅದು ಸಾಕಷ್ಟೇ ಆಯಿತು. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಆಗ ವೇಗ ಗಂಟೆಗೆ ಸುಮಾರು 47 ಕಿ.ಮೀ. 60 ಮೀಟರ್ ಆದರೆ 66. 100 ಮೀಟರ್ ಆದರೆ 86. 175 ಮೀಟರ್‌ನಲ್ಲಿ 113ರ ಹತ್ತಿರ ಹೋಗುತ್ತದೆ. ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವದಿಂದ ಭಾಗಿಸಿದರೆ ಬಾಗುವ ಕೋನದ ಟ್ಯಾಂಜೆಂಟ್ ಸಿಗುತ್ತದೆ, ಇಷ್ಟೇ ಸೂತ್ರ. ಟೈರಿಗೆ ಅಗಲ ಇರುವುದರಿಂದ ನಿಜವಾಗಿ ಬೈಕ್ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಬಾಗಬೇಕಾಗುತ್ತದೆ. ಅಂದರೆ 60ರಿಂದ 100 ಮೀಟರ್ ತ್ರಿಜ್ಯದ ತಿರುವುಗಳು ಒಂದರ ಹಿಂದೆ ಒಂದು ಬರುವ ರಸ್ತೆಯಲ್ಲಿ ಬೈಕ್ ಎಡಕ್ಕೆ ಬಾಗಿ, ಎದ್ದು, ಬಲಕ್ಕೆ ಬಾಗಿ, ಗೇರ್ ಮುಟ್ಟದೇನೇ ಹೋಗುತ್ತಾ ಇರುತ್ತದೆ. ನಮ್ಮಲ್ಲಿ ಬಹಳ ಜನ 'ಮಜಾ ಇರುವ ರಸ್ತೆ' ಅನ್ನುವುದು ಇದಕ್ಕೇ.

ಸ್ಕೋರ್ ನೋಡಿದರೆ ಮಾತ್ರ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಟಲಿಯ ಸ್ಟೆಲ್ವಿಯೊ ಪಾಸ್ ತೆಗೆದುಕೊಳ್ಳಿ. 1825ರಲ್ಲಿ ತೆರೆದ ರಸ್ತೆ, 2757 ಮೀಟರ್ ಎತ್ತರ, ಉತ್ತರದ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್, ಅಂದರೆ ರಸ್ತೆ ಬಂದ ದಿಕ್ಕಿಗೇ ಮಡಚಿಕೊಳ್ಳುವ ಬಿಗಿ ತಿರುವು, ಪ್ರತಿಯೊಂದಕ್ಕೂ ನಂಬರ್ ಹಾಕಿದ್ದಾರೆ. ಫೋಟೊದಲ್ಲಿ ನೋಡಿದರೆ ಎದೆ ಝಲ್ ಅನ್ನುತ್ತದೆ. ಆದರೆ ಹೇರ್‌ಪಿನ್ ಅಂದರೆ ಮೊದಲ ಗೇರ್‌ಗೆ ಇಳಿಸು, ತಲೆ ತಿರುಗಿಸಿ ಮೇಲೆ ನೋಡು, ಕ್ಲಚ್ ಸಂಭಾಳಿಸು, ನೇರ ತುಂಡಿನಲ್ಲಿ ಹತ್ತು, ಮತ್ತೆ ಬ್ರೇಕ್. ಇನ್ನೊಂದು ಕಡೆ ಅಮೆರಿಕದ ಟೆನ್ನೆಸ್ಸಿ ಮತ್ತು ನಾರ್ತ್ ಕೆರೊಲಿನಾ ಗಡಿಯಲ್ಲಿ 'ಟೇಲ್ ಆಫ್ ದಿ ಡ್ರ್ಯಾಗನ್' ಅಂತ ಹೆಸರಾದ ರಸ್ತೆ ಇದೆ, 11 ಮೈಲಿಯಲ್ಲಿ 318 ತಿರುವು ಅಂತ ಅದರ ಖ್ಯಾತಿ. ಅಲ್ಲಿ ನೇರ ಅನ್ನುವುದು ಸಿಗುವುದೇ ಕಷ್ಟ, ಒಂದು ತಿರುವು ಮುಗಿಯುವ ಮೊದಲೇ ಮುಂದಿನದು ಶುರು. ಎರಡೂ ರಸ್ತೆಗೆ ಅಂಕ ಚೆನ್ನಾಗಿಯೇ ಬರುತ್ತದೆ. ಸವಾರಿ ಮಾತ್ರ ಪೂರ್ತಿ ಬೇರೆ. ಭಾರದ ಟೂರಿಂಗ್ ಬೈಕ್‌ನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವವರಿಗೆ ಹೇರ್‌ಪಿನ್ ಸಾಲು ದಂಡನೆ, ಹಗುರ ಬೈಕ್ ಇರುವವರಿಗೆ ಅದೇ ಹಬ್ಬ.

ಈಗ ನಾಲ್ಕನೆಯ ಮೆಟ್ಟಿಲಿನ ವಿಷಯ. ತಿರುವು ಜಾಸ್ತಿ ಬೇಕು ಅಂತ ಎಷ್ಟು ಒತ್ತಾಯ ಮಾಡುತ್ತೀರೋ, ಅಷ್ಟು ಚಿಕ್ಕ ಚಿಕ್ಕ ರಸ್ತೆಗಳನ್ನು ಅದು ಹುಡುಕಿಕೊಂಡು ಹೋಗುತ್ತದೆ. ಒಳ್ಳೆಯ ಕಣಿವೆ ರಸ್ತೆಯಲ್ಲಿ ಹೋಗುತ್ತಾ ಇರುತ್ತೀರಿ, ನಡುವೆ ಇದ್ದಕ್ಕಿದ್ದ ಹಾಗೆ ಒಂದು ಹಳ್ಳಿಯೊಳಗೆ ನುಗ್ಗಿಸಿ, ನಾಲ್ಕು ಮನೆಯ ಹಿಂದೆ ಸುತ್ತಿಸಿ, ಮತ್ತೆ ಅದೇ ರಸ್ತೆಗೆ ತಂದು ಬಿಡುತ್ತದೆ. ಆ ಅರ್ಧ ಕಿಲೋಮೀಟರ್‌ನಲ್ಲಿ ಮೂಲೆಗಳು ಇವೆಯಲ್ಲ, ನಕ್ಷೆಯ ಲೆಕ್ಕಕ್ಕೆ ಅದೂ ತಿರುವೇ. ನಕ್ಷೆ ಬರೆದವರ ಕೈ ನಡುಗಿ ಗೆರೆ ಅಂಕುಡೊಂಕಾಗಿದ್ದರೂ ತಿರುವು. ಅದರ ವಿರುದ್ಧವೂ ಆಗುತ್ತದೆ: ಯಾರೋ ಅವಸರದಲ್ಲಿ ದೂರ ದೂರ ಚುಕ್ಕಿ ಇಟ್ಟು ಬರೆದ ಬೆಟ್ಟದ ರಸ್ತೆ ನಕ್ಷೆಯಲ್ಲಿ ನೇರ ಕಾಣುತ್ತದೆ, ಯಾವ ಲೆಕ್ಕಕ್ಕೂ ಸಿಗದೆ ಉಳಿದುಬಿಡುತ್ತದೆ. ನಕ್ಷೆ ಚೆನ್ನಾಗಿ ಬರೆದಿರುವ ಪ್ರದೇಶದಲ್ಲಿ ಕುರ್ವಿಗರ್ ಅದ್ಭುತ, ಬರೆಯದ ಕಡೆ ಅದರ ಕೈಯಲ್ಲೂ ಏನೂ ಇಲ್ಲ.

ಇನ್ನೊಂದು ಮಾತು. ತಿರುವಿನ ದಾರಿಯೆಲ್ಲ ನೋಡುವುದಕ್ಕೂ ಚೆಂದ ಅಂತ ಏನಿಲ್ಲ. ಲೆಕ್ಕಕ್ಕೆ ಸಿಗುವುದು ಬಾಗು ಮಾತ್ರ, ಕಾಡು, ಕೆರೆ, ಬಯಲು ಸಿಗುವುದಿಲ್ಲ. ಆದರೆ ರಸ್ತೆ ಸುಮ್ನೆ ಬಾಗುವುದಿಲ್ಲ ಅಲ್ವಾ? ನದಿಯನ್ನು ಹಿಂಬಾಲಿಸಿದ್ದಕ್ಕೆ ಬಾಗಿರುತ್ತದೆ, ಬೆಟ್ಟದ ಸೊಂಟವನ್ನು ಒಂದೇ ಎತ್ತರದಲ್ಲಿ ಸುತ್ತುವುದಕ್ಕೆ ಬಾಗಿರುತ್ತದೆ, ಇಲ್ಲವಾದರೆ ಏರು ತೀರಾ ಕಡಿದಾಗದಿರಲಿ ಅಂತ ಹಾವಿನ ಹಾಗೆ ಹತ್ತಿಸಿರುತ್ತಾರೆ. ಗೆರೆಯ ಆಕಾರ ನೋಡಿಯೇ ಯಾವುದು ಯಾವುದು ಅಂತ ಹೇಳಬಹುದು. ನದಿ ಪಕ್ಕದ ರಸ್ತೆಯಲ್ಲಿ ತಿರುವುಗಳು ಉದ್ದ, ಸಾವಕಾಶ, ನೀಲಿ ಗೆರೆಗೆ ಅಂಟಿಕೊಂಡಿರುತ್ತವೆ. ಬೆಟ್ಟದ ಸೊಂಟದ ರಸ್ತೆ ಪ್ರತಿ ಸಣ್ಣ ಹಳ್ಳದ ಹತ್ತಿರ ಒಳಕ್ಕೆ ಹೋಗಿ, ಪ್ರತಿ ಏಣಿನ ಹತ್ತಿರ ಹೊರಕ್ಕೆ ಬರುತ್ತದೆ. ಹೊರಕ್ಕೆ ಬರುವ ಆ ಬಾಗುಗಳಲ್ಲೇ ನೋಟ ತೆರೆದುಕೊಳ್ಳುವುದು, ನಿಲ್ಲಿಸುವುದಾದರೆ ಅಲ್ಲೇ ಜಾಗ ಹುಡುಕಿ. ಕುರ್ವಿಗರ್ ದಾರಿಯ ಜೊತೆ ಏರಿಳಿತದ ಗ್ರಾಫ್ ಕೂಡ ತೋರಿಸುತ್ತದೆ. ಗೆರೆ ಬಾಗಿದೆ, ಆದರೆ ಗ್ರಾಫ್ ಚಪ್ಪಟೆ ಇದೆ ಅಂದರೆ ನದಿ, ಕೆರೆಯಂಚು ಅಥವಾ ಹೊಲದ ಬದು. ಎರಡೂ ಕುಣಿಯುತ್ತಿದ್ದರೆ ಬೆಟ್ಟ. ಜೊತೆಗೆ ಓಪನ್‌ಟೋಪೋಮ್ಯಾಪ್ ಅನ್ನುವ, ನೆಲದ ಏರಿಳಿತ ತೋರಿಸುವ ನಕ್ಷೆ ತೆರೆದಿಟ್ಟುಕೊಂಡು ಎತ್ತರದ ಗೆರೆಗಳನ್ನು ನೋಡಿದರೆ ಹೋಗದೆಯೇ ಅರ್ಧ ರಸ್ತೆ ಕಣ್ಣಿಗೆ ಕಟ್ಟುತ್ತದೆ. ಇಡೀ ಪ್ಲಾನಿಂಗ್‌ನಲ್ಲಿ ನನಗೆ ತುಂಬಾ ಇಷ್ಟವಾಗುವ ಕೆಲಸ ಇದೇ.

ರೌಂಡ್ ಟ್ರಿಪ್ ಅನ್ನುವ ಸೌಲಭ್ಯದ ಬಗ್ಗೆಯೂ ಹೇಳಬೇಕು. ಎಲ್ಲಿಗೆ ಅಂತ ಗೊತ್ತಿಲ್ಲ, ಮಧ್ಯಾಹ್ನದೊಳಗೆ ವಾಪಸ್ ಬರಬೇಕು ಅನ್ನುವ ದಿನಕ್ಕೆ ಇದು. ಎಷ್ಟು ದೂರ, ಯಾವ ದಿಕ್ಕು ಅಂತ ಹೇಳಿದರೆ ಹೊರಟ ಜಾಗಕ್ಕೇ ತಿರುಗಿ ಬರುವ ಒಂದು ಸುತ್ತು ಮಾಡಿಕೊಡುತ್ತದೆ. ಹೇಳಿದ ದೂರಕ್ಕೆ ಕರಾರುವಾಕ್ಕಾಗಿ ಬರುವುದಿಲ್ಲ, ಸುಮಾರಾಗಿ ಬರುತ್ತದೆ. ಇಷ್ಟವಾಗದಿದ್ದರೆ ಇನ್ನೊಮ್ಮೆ ಒತ್ತಿ, ದಿಕ್ಕು ಬದಲಿಸಿ. ಗೊತ್ತಿರುವ ಪ್ರದೇಶದಲ್ಲೇ ಇದನ್ನು ಒತ್ತಿ ನೋಡಿ. ವರ್ಷಗಟ್ಟಲೆ ಓಡಾಡಿದ ಕಡೆಯಲ್ಲೂ ಒಂದು ಸಲವೂ ತಿರುಗಿಸದ ಅಡ್ಡರಸ್ತೆ ತೋರಿಸುತ್ತದೆ. ಬಿಟ್ಟಿ ಸಿಗುವ ಸೌಲಭ್ಯದಲ್ಲಿ ಇದಕ್ಕಿಂತ ಹೆಚ್ಚಿನದು ಕೇಳುವುದಕ್ಕಾಗುವುದಿಲ್ಲ.

ಇನ್ನು ಕೈಯಿಂದ ತಿದ್ದುವ ಭಾಗ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಆ್ಯಪ್ ಕೆಟ್ಟದ್ದು ಅಂತ ಬೈದುಕೊಂಡು ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಇಲ್ಲೇ. ಗೆರೆಯನ್ನು ಎಳೆದು ಬೇಕಾದ ರಸ್ತೆಗೆ ತರಬಹುದು. ಎಳೆದ ಕಡೆ ಒಂದು ಬಿಂದು ಕೂರುತ್ತದೆ. ಅದನ್ನು ಶೇಪಿಂಗ್ ಪಾಯಿಂಟ್ ಮಾಡಿಡಬಹುದು, ಅಂದರೆ ದಾರಿ ಅದರ ಮೇಲೆ ಹಾದುಹೋಗುತ್ತದೆ ಅಷ್ಟೇ, 'ನೀವು ತಲುಪಿದಿರಿ' ಅನ್ನುವ ಗೋಳು ಇಲ್ಲ. ನಿಲ್ಲಲೇಬೇಕಾದ ಜಾಗಕ್ಕೆ, ಅಂದರೆ ಪೆಟ್ರೋಲ್ ಬಂಕ್, ಊಟ, ಗೆಳೆಯರು ಸೇರುವ ಜಾಗ ಇಂಥದಕ್ಕೆ ಮಾತ್ರ ಮಾಮೂಲಿ ಪಾಯಿಂಟ್ ಇಡಿ.

ಬಿಂದು ಇಡುವಾಗ ಪೂರ್ತಿ ಜೂಮ್ ಮಾಡಿಯೇ ಇಡಿ. ದೂರದಿಂದ ನೋಡಿ ಬೆರಳು ಒತ್ತಿದರೆ ಬಿಂದು ಮುಖ್ಯ ರಸ್ತೆಯ ಮೇಲೆ ಬೀಳುವ ಬದಲು ಪಕ್ಕದ ತೋಟದ ದಾರಿಗೆ ಅಂಟಿಕೊಳ್ಳುತ್ತದೆ. ಆಗ ದಾರಿ ಅಲ್ಲಿಗೆ ಐವತ್ತು ಮೀಟರ್ ಒಳಗೆ ಹೋಗಿ, ಯು-ಟರ್ನ್ ಹೊಡೆದು, ವಾಪಸ್ ಬರುತ್ತದೆ. ಪರದೆಯಲ್ಲಿ ಅದು ಗೆರೆಯ ಪಕ್ಕ ಹೊರಟ ಒಂದು ಸಣ್ಣ ಮುಳ್ಳಿನಷ್ಟೇ ಕಾಣುತ್ತದೆ. ರಸ್ತೆ ಮೇಲೆ ಹೋಗುವಾಗ, ಮೊಬೈಲ್ ಬಲಕ್ಕೆ ತಿರುಗು ಅಂತ ಕೂಗುವಾಗ, ಹಿಂದಿನಿಂದ ಕಾರು ಬರುತ್ತಿರುವಾಗ, ಅದು ಎಷ್ಟು ದೊಡ್ಡದಾಗುತ್ತದೆ ಅಂತ ಊಹಿಸಿಕೊಳ್ಳಿ. ಹೊರಡುವ ಮುನ್ನ ಗೆರೆಯ ಉದ್ದಕ್ಕೂ ಬೆರಳು ಸರಿಸಿಕೊಂಡು ಹೋಗಿ ಇಂಥ ಮುಳ್ಳು ಇದೆಯಾ ಅಂತ ನೋಡುವುದು ಕಡ್ಡಾಯ. ಹಾಗೇ ಬಿಂದುವನ್ನು ಕೂಡುರಸ್ತೆಯ ಮೇಲೆ ಇಡಬೇಡಿ. ತಿರುಗಬೇಕಾದ ಜಾಗ ದಾಟಿ, ಬೇಕಾದ ರಸ್ತೆಯ ನಟ್ಟನಡುವೆ ಇಡಿ. ಆ ರಸ್ತೆಗೆ ಹೋಗದೆ ಬೇರೆ ದಾರಿಯೇ ಇಲ್ಲ ಅನ್ನುವ ಹಾಗಾಗುತ್ತದೆ.

ಈ ಎಚ್ಚರ ಜಾಸ್ತಿ ಬೇಕಾಗುವುದು ದಾರಿಯನ್ನು ಬೇರೆ ಯಂತ್ರಕ್ಕೆ ಕಳಿಸುವಾಗ. ಕುರ್ವಿಗರ್‌ನಿಂದ ಜಿಪಿಎಕ್ಸ್ ಫೈಲ್, ಅಂದರೆ ದಾರಿಯ ಬಿಂದುಗಳನ್ನು ಬರೆದಿಡುವ ಫೈಲ್, ತೆಗೆದು ಬೈಕ್ ಮೇಲಿನ ನ್ಯಾವಿಗೇಟರ್‌ಗೆ ಹಾಕಬಹುದು. ಆದರೆ ಜಿಪಿಎಕ್ಸ್‌ನಲ್ಲಿ ರೂಟ್ ಬೇರೆ, ಟ್ರ್ಯಾಕ್ ಬೇರೆ. ರೂಟ್ ಅಂದರೆ ಕೆಲವೇ ಬಿಂದುಗಳು, ಅವುಗಳ ನಡುವೆ ಹೇಗೆ ಹೋಗಬೇಕು ಅನ್ನುವುದನ್ನು ಆ ಇನ್ನೊಂದು ಯಂತ್ರ ತನ್ನ ನಕ್ಷೆ, ತನ್ನ ಸೆಟ್ಟಿಂಗ್ ನೋಡಿ ತಾನೇ ತೀರ್ಮಾನಿಸುತ್ತದೆ. ಅದರಲ್ಲಿ 'ಬೇಗ ತಲುಪು' ಅಂತ ಇದ್ದರೆ ಮುಗಿಯಿತು, ನೀವು ರಾತ್ರಿಯಿಡೀ ಕೂತು ಜೋಡಿಸಿದ ತಿರುವುಗಳನ್ನೆಲ್ಲ ಬಿಟ್ಟು ಹೆದ್ದಾರಿ ಹತ್ತಿಸುತ್ತದೆ. ಟ್ರ್ಯಾಕ್ ಅಂದರೆ ರಸ್ತೆಯ ಮೇಲೆ ಒತ್ತೊತ್ತಾಗಿ ಹಾಕಿದ ಚುಕ್ಕಿಗಳು, ಅದನ್ನು ಯಂತ್ರ ಬದಲಿಸುವುದಿಲ್ಲ, ಗೆರೆಯಾಗಿ ತೋರಿಸುತ್ತದೆ. ನಾನು ಎರಡನ್ನೂ ಹಾಕಿಕೊಳ್ಳಿ ಅಂತಲೇ ಹೇಳುವುದು. ಧ್ವನಿಯಲ್ಲಿ ದಾರಿ ಹೇಳುವುದಕ್ಕೆ ರೂಟ್, ಅದು ಸರಿಯಾಗಿ ಹೋಗುತ್ತಿದೆಯಾ ಅಂತ ಕಣ್ಣಲ್ಲಿ ನೋಡುವುದಕ್ಕೆ ಟ್ರ್ಯಾಕ್. ಎರಡು ಗೆರೆ ಬೇರೆಯಾದ ಜಾಗದಲ್ಲಿ ಗಾಡಿ ಪಕ್ಕಕ್ಕೆ ಹಾಕಿ ನೋಡಿ. ಕುರ್ವಿಗರ್ ಆ್ಯಪ್‌ನಲ್ಲೇ ನ್ಯಾವಿಗೇಶನ್ ಮಾಡಿದರೆ ಈ ತಲೆನೋವಿಲ್ಲ, ಲೆಕ್ಕ ಹಾಕಿದವರೇ ದಾರಿಯನ್ನೂ ಹೇಳುತ್ತಾರೆ.

ರಸ್ತೆಯ ಮೇಲ್ಮೈ ಎಲ್ಲಕ್ಕಿಂತ ದೊಡ್ಡ ವಿಷಯ. ಡಾಂಬರು ಇಲ್ಲದ ದಾರಿ ಬೇಡ ಅಂತ ಸೆಟ್ಟಿಂಗ್ ಇದೆ. ಆದರೆ ಅದು ಕೆಲಸ ಮಾಡುವುದು ನಕ್ಷೆಯಲ್ಲಿ ಯಾರಾದರೂ 'ಇದು ಜಲ್ಲಿ', 'ಇದು ಮಣ್ಣು' ಅಂತ ಬರೆದಿದ್ದರೆ ಮಾತ್ರ. ಬರೆದಿರದ ರಸ್ತೆ ಎಷ್ಟೋ ಇವೆ. ಅಂಥ ಕಡೆ ಯಾವ ಪ್ಲಾನರ್ ಆದರೂ ರಸ್ತೆಯ ದರ್ಜೆ ನೋಡಿ ಅಂದಾಜು ಮಾಡಬೇಕು, ಅಂದಾಜು ತಪ್ಪಬಹುದು. ಡಾಂಬರು ಅಂತ ಬರೆದಿದ್ದರೂ ಅದು ಹೊಸದಾ, ಹತ್ತು ಮಳೆಗಾಲ ಕಂಡು ಕಿತ್ತುಹೋಗಿದೆಯಾ ಅಂತ ಬಹಳ ಸಲ ತಿಳಿಯುವುದಿಲ್ಲ. ಹಾಗಾಗಿ ಗೊತ್ತಿಲ್ಲದ ತುಂಡುಗಳನ್ನು ಉಪಗ್ರಹ ಚಿತ್ರದಲ್ಲಿ ನೋಡಿ. ಕಪ್ಪಾಗಿ, ಒಂದೇ ಅಗಲವಾಗಿ, ಅಂಚು ಚೊಕ್ಕವಾಗಿ ಕಂಡರೆ ಡಾಂಬರು ಇರುತ್ತದೆ. ಕಂದು ಅಥವಾ ಬಿಳಿಚಿಕೊಂಡು, ನಡುವೆ ಹುಲ್ಲಿನ ಪಟ್ಟಿ ಕಂಡರೆ ಟ್ರ್ಯಾಕ್ಟರ್ ದಾರಿ. ಬೀದಿ ಮಟ್ಟದ ಫೋಟೊ ಸಿಗುವ ಕಡೆ ಅದನ್ನೂ ನೋಡಿ, ಯಾವ ವರ್ಷದ ಫೋಟೊ ಅನ್ನುವುದನ್ನೂ ನೋಡಿ. ಅಡ್ವೆಂಚರ್ ಬೈಕ್ ಇರುವವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ರೋಡ್ ಟೈರ್ ಹಾಕಿದ ಭಾರದ ಬೈಕ್ ಇಳಿಜಾರಿನ ಸಡಿಲ ಜಲ್ಲಿ ಮೇಲೆ ನಿಂತಾಗ ಅದನ್ನು ತಿರುಗಿಸುವುದೂ ಕಷ್ಟ, ಹಿಂದೆ ತಳ್ಳುವುದೂ ಕಷ್ಟ.

ಸಮಯದ ಅಂದಾಜನ್ನು ಹಾಗೇ ನಂಬಬೇಡಿ. ಆ್ಯಪ್ ಹೇಳುವುದು ಓಡುವ ಸಮಯ. ನಿಲ್ಲಿಸುವುದು, ನೀರು ಕುಡಿಯುವುದು, ಫೋಟೊ, ಗುಂಪಿನಲ್ಲಿ ಹಿಂದೆ ಬಿದ್ದವರಿಗೆ ಕಾಯುವುದು ಇದ್ಯಾವುದೂ ಅದರಲ್ಲಿ ಇಲ್ಲ. ತಿರುವಿನ ರಸ್ತೆಯಲ್ಲಿ 200 ಕಿ.ಮೀ. ಓಡಿಸುವುದು ಹೆದ್ದಾರಿಯಲ್ಲಿ ಅದರ ಎರಡರಷ್ಟು ಓಡಿಸಿದ್ದಕ್ಕಿಂತ ಜಾಸ್ತಿ ಸುಸ್ತು ಮಾಡುತ್ತದೆ, ಕಣ್ಣಿಗೂ ತಲೆಗೂ ಬಿಡುವೇ ಇರುವುದಿಲ್ಲ. ದಿನದ ಕೊನೆಯ ತುಂಡನ್ನು ವೇಗದ ದಾರಿಗೆ ಬದಲಿಸಿಟ್ಟರೆ ಒಳ್ಳೆಯದು, ಕುರ್ವಿಗರ್‌ನಲ್ಲಿ ಒಂದೇ ಪ್ರಯಾಣದ ಬೇರೆ ಬೇರೆ ತುಂಡುಗಳಿಗೆ ಬೇರೆ ಬೇರೆ ಮೆಟ್ಟಿಲು ಹಾಕಬಹುದು. ಪೆಟ್ರೋಲ್ ಬಗ್ಗೆ ಹೇಳಬೇಕಾಗಿಲ್ಲ, ಒಳರಸ್ತೆಗಳಲ್ಲಿ ಬಂಕ್ ಕಡಿಮೆ. ಟ್ಯಾಂಕ್ ಅರ್ಧ ಆಗುವಷ್ಟರಲ್ಲಿ ಮುಂದಿನ ಬಂಕ್ ಎಲ್ಲಿ ಅಂತ ಗೊತ್ತಿರಲಿ.

ಯಾವ ಸೇವೆಯೂ ಹೇಳದ ಕೆಲವು ಸಂಗತಿಗಳಿವೆ. ಒಳಗೆ ಹೋದ ಹಾಗೆ ಇನ್ನೂ ಬಿಗಿಯಾಗುವ ತಿರುವು ಅವುಗಳಲ್ಲಿ ಮೊದಲನೆಯದು. ಶುರುವಿನಲ್ಲಿ 80 ಮೀಟರ್ ತ್ರಿಜ್ಯ, ಮಧ್ಯಕ್ಕೆ ಬಂದಾಗ 40. ಸ್ಕೋರ್‌ನಲ್ಲಿ ಅದು ಎಲ್ಲದರ ಜೊತೆ ಒಂದು ಅಂಕೆ. ತಿರುವಿನಲ್ಲಿ ರಸ್ತೆಯ ಎರಡು ಅಂಚು ದೂರದಲ್ಲಿ ಸೇರಿದ ಹಾಗೆ ಕಾಣುವ ಜಾಗ ಇರುತ್ತದಲ್ಲ, ಅದು ನಿಮ್ಮಿಂದ ದೂರ ಸರಿಯುತ್ತಿದ್ದರೆ ತಿರುವು ತೆರೆದುಕೊಳ್ಳುತ್ತಿದೆ, ಹತ್ತಿರ ಬರುತ್ತಿದ್ದರೆ ಬಿಗಿಯಾಗುತ್ತಿದೆ. ಹತ್ತಿರ ಬಂತು ಅಂದರೆ ವೇಗ ಇಳಿಸಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಂಡದ್ದಕ್ಕೆ ಕೈ ಸ್ಪಂದಿಸುವ ಒಂದು ಸೆಕೆಂಡಿನಲ್ಲೇ ಸುಮಾರು 17 ಮೀಟರ್ ಹೋಗಿರುತ್ತದೆ, ಒಣ ಡಾಂಬರಿನಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲುವುದಕ್ಕೆ ಇನ್ನೊಂದು 20 ಮೀಟರ್ ಬೇಕು. ಅದೂ ಬೈಕ್ ನೇರ ಇದ್ದಾಗ. ಬಾಗಿದ್ದಾಗ ಟೈರಿನ ಹಿಡಿತದ ಒಂದು ಪಾಲು ತಿರುಗುವುದಕ್ಕೇ ಖರ್ಚಾಗಿರುತ್ತದೆ, ಬ್ರೇಕಿಗೆ ಉಳಿಯುವುದು ಕಡಿಮೆ. ಕಾಣುವಷ್ಟು ದೂರದಲ್ಲಿ ನಿಲ್ಲಿಸಬಲ್ಲ ವೇಗದಲ್ಲಿ ಹೋಗಿ ಅಂತ ಅನುಭವಸ್ಥರು ಹೇಳುವುದು ಇದಕ್ಕೇ. ತಿರುವಿನ ಒಳಗೆ ಮರಳು, ಒದ್ದೆ ಎಲೆ, ಗಾಡಿಯಿಂದ ಉದುರಿದ ಮಣ್ಣು, ದನ, ಸೈಕಲ್, ನಡುಗೆರೆ ದಾಟಿ ಬರುವ ಕಾರು, ಏನು ಬೇಕಾದರೂ ಇರಬಹುದು.

ಒಂದು ಬೇಜಾರೂ ಇದೆ. ಇಂಥ ಆ್ಯಪ್ ಎಲ್ಲರ ಕೈಗೂ ಬಂದ ಮೇಲೆ, ಎಲ್ಲರಿಗೂ ಅದೇ ಚಿಕ್ಕ ರಸ್ತೆ ತೋರಿಸುತ್ತದೆ. ಭಾನುವಾರ ಬೆಳಗ್ಗೆ ಒಂದೇ ಹಳ್ಳಿಯ ನಡುವೆ ಸಾಲಾಗಿ ಬೈಕ್ ಹೋದರೆ ಅಲ್ಲಿಯವರಿಗೆ ಏನಾಗಬೇಡ? ಆಸ್ಟ್ರಿಯಾದ ಟಿರೋಲ್‌ನಲ್ಲಿ ರಾಯ್ಟೆ ಜಿಲ್ಲೆಯ ಕೆಲವು ಬೆಟ್ಟದ ರಸ್ತೆಗಳಿಗೆ 2020ರ ಬೇಸಿಗೆಯಲ್ಲಿ, ದಾಖಲೆಯಲ್ಲಿ ನಮೂದಾದ ನಿಂತಾಗಿನ ಶಬ್ದ 95 ಡೆಸಿಬಲ್‌ಗಿಂತ ಜಾಸ್ತಿ ಇರುವ ಬೈಕ್‌ಗಳನ್ನು ಬಿಡುವುದಿಲ್ಲ ಅಂತ ನಿಯಮ ಮಾಡಿದರು. ಕಂಪನಿಯಿಂದ ಹಾಗೇ ಬಂದ, ಏನೂ ಬದಲಿಸದ ಬೈಕ್‌ಗಳೂ ಇದರಲ್ಲಿ ಸಿಕ್ಕಿಕೊಂಡವು. ಹಳ್ಳಿಯೊಳಗೆ ನುಗ್ಗುವ ಸಣ್ಣ ಸುತ್ತುಗಳನ್ನು ಪ್ಲಾನ್ ಮಾಡುವಾಗಲೇ ತೆಗೆದುಹಾಕಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ. ಅದರಿಂದ ಸವಾರಿಗೆ ಏನೂ ನಷ್ಟವಿಲ್ಲ, ಎರಡನೇ ಗೇರ್‌ನಲ್ಲಿ ಮೂರು ಮೂಲೆ ತಿರುಗುವುದು ತಪ್ಪುತ್ತದೆ, ಮನೆಯೊಳಗಿನವರ ನಿದ್ದೆ ಉಳಿಯುತ್ತದೆ.

ಇದೇ ಕೆಲಸಕ್ಕೆ ಕ್ಯಾಲಿಮೋಟೋ ಅನ್ನುವ ಇನ್ನೊಂದು ಆ್ಯಪ್ ಕೂಡ ಇದೆ. ಸವಾರಿಯನ್ನು ದಾಖಲಿಸಿ ಎಷ್ಟು ಬಾಗಿದಿರಿ ಅಂತ ತೋರಿಸುವುದರಲ್ಲಿ ಅದಕ್ಕೆ ಹೆಚ್ಚು ಆಸಕ್ತಿ. ಮೊಬೈಲ್‌ನಲ್ಲೇ ಎಲ್ಲ ಆಗಬೇಕು ಅನ್ನುವವರಿಗೆ ಅದು ಹಿಡಿಸಬಹುದು. ದೊಡ್ಡ ಪರದೆಯ ಮುಂದೆ ಕೂತು, ನಾಲ್ಕು ನಕ್ಷೆ ತೆರೆದು, ದಾರಿಯನ್ನು ನಿಧಾನಕ್ಕೆ ಜೋಡಿಸುವ ಸುಖ ಗೊತ್ತಿರುವವರಿಗೆ ಕುರ್ವಿಗರ್ ವೆಬ್‌ಸೈಟ್‌ಗೆ ಸಮ ನನಗೆ ಬೇರೆ ಕಾಣುವುದಿಲ್ಲ. ಅದರ ಚಂದಾ ಕಟ್ಟಿದರೆ ಸಿಗುವ ಹೆಚ್ಚಿನ ಸೌಲಭ್ಯ ನಿಮಗೆ ಬೇಕಾ ಅನ್ನುವುದು, ಸಿಗ್ನಲ್ ಇಲ್ಲದ ಕಡೆ ಎಷ್ಟು ಓಡಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಮೊದಲು ಉಚಿತವಾಗಿ ಸಿಗುವಷ್ಟನ್ನು ಒಂದು ಋತು ಪೂರ್ತಿ ಬಳಸಿ ನೋಡಿ.

ಕೊನೆಯದಾಗಿ, ಮೇಲ್ಮೈ ಬರೆದಿಲ್ಲದ ರಸ್ತೆ ಬಗ್ಗೆ ಹೇಳಿದೆನಲ್ಲ, ಅದನ್ನು ಸರಿಮಾಡುವುದು ನಮ್ಮ ಕೈಯಲ್ಲೂ ಇದೆ. ಸ್ಟ್ರೀಟ್‌ಕಂಪ್ಲೀಟ್ ಅನ್ನುವ ಆಂಡ್ರಾಯ್ಡ್ ಆ್ಯಪ್ ಹಾಕಿಕೊಂಡರೆ, ನೀವಿರುವ ಜಾಗದ ಸುತ್ತ ನಕ್ಷೆಯಲ್ಲಿ ಏನು ಬಿಟ್ಟುಹೋಗಿದೆ ಅಂತ ಅದೇ ಪ್ರಶ್ನೆ ಕೇಳುತ್ತದೆ: ಈ ರಸ್ತೆ ಡಾಂಬರಾ, ಕಾಂಕ್ರೀಟಾ, ಜಲ್ಲಿಯಾ? ಎಷ್ಟು ನಯ ಇದೆ? ಚಿತ್ರ ನೋಡಿ ಒಂದನ್ನು ಒತ್ತಿದರೆ ಆಯಿತು, ಉತ್ತರ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗುತ್ತದೆ. ಮುಂದೆ ಕುರ್ವಿಗರ್ ಆ ನಕ್ಷೆಯನ್ನು ಹೊಸದಾಗಿ ತೆಗೆದುಕೊಂಡಾಗ, ಅದೇ ರಸ್ತೆಗೆ ಬರುವ ಇನ್ನೊಬ್ಬ ಸವಾರರಿಗೆ ದಾರಿ ಲೆಕ್ಕ ಹಾಕುವಾಗ ನೀವು ಬರೆದ ಜಲ್ಲಿ ಲೆಕ್ಕಕ್ಕೆ ಬರುತ್ತದೆ. ಬೈಕ್ ನಿಲ್ಲಿಸಿದಾಗ ಮಾತ್ರ ಮಾಡಿ, ಎರಡು ನಿಮಿಷದ ಕೆಲಸ.